ನೋವು ಮತ್ತು ನೋಟ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ಫೋನ್ ಮಾಡಿ, "ನೀನು ಸಾಫ್ಟ್‌ವೇರ್‌ನಲ್ಲಿದ್ದೀಯ, ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳು" ಎಂದರು. ಒಪ್ಪಿಕೊಂಡೆ. ಆದರೆ ಬರೆಯಲು ಕೂತಾಗ ಬೇರೆಯೇ ವಿಷಯ ಬಂತು. ಕಂಪ್ಯೂಟರ್ ಅದರಲ್ಲೂ ಇದೆ, ಕೊನೆಗೆ ಬರುವುದು ಮಾತ್ರ ಒಂದು ಕನ್ನಡಿಗೆ. ನಾನು ಇವತ್ತು ಮಾತಾಡಬೇಕೆಂದಿರುವುದು ನೋವಿನ ಬಗ್ಗೆ. ಕಣ್ಣಿಗೆ ಕಾಣುವುದನ್ನು ಬದಲಿಸಿದರೆ ಮೈಯ ನೋವು ಕಡಿಮೆಯಾಗುತ್ತದೆಯೇ ಎಂಬುದರ ಬಗ್ಗೆ. ಇದನ್ನು ನಾನು ಪುಸ್ತಕದಲ್ಲಿ ಓದುವ ಮೊದಲೇ ನಮ್ಮ ಮನೆಯಲ್ಲಿ ಕಂಡಿದ್ದೆ. ಕಂಡಾಗ ಅರ್ಥವಾಗಿರಲಿಲ್ಲ.

2003ರ ಜನವರಿ. ನಾನು ಒಂಬತ್ತನೇ ತರಗತಿ. ಊರಿನ ಹಿರಿಯರಿಗೆ ನೆನಪಿರಬಹುದು, ಆಲೆಮನೆಯಲ್ಲಿ ರಾತ್ರಿ ಪಾಳಿಯಲ್ಲಿ ಗಾಣಕ್ಕೆ ಕಬ್ಬು ಕೊಡುತ್ತಿದ್ದಾಗ ನಮ್ಮಪ್ಪನ ಎಡಗೈ ಒಳಕ್ಕೆ ಹೋಯಿತು. ಗಾಣ ನಿಲ್ಲಿಸುವಷ್ಟರಲ್ಲಿ ಕೈ ಉಳಿಸುವಂತಿರಲಿಲ್ಲ. ಮೈಸೂರಿನ ಆಸ್ಪತ್ರೆಯಲ್ಲಿ ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲಕ್ಕೆ ತೆಗೆದರು. ಎರಡು ತಿಂಗಳಲ್ಲಿ ಗಾಯ ಮಾಯಿತು. ಆಮೇಲೆ ಶುರುವಾಯಿತು ಇನ್ನೊಂದು ನೋವು.

ಅಪ್ಪ ಹೇಳುತ್ತಿದ್ದರು: "ಬೆರಳು ಮುಷ್ಟಿ ಕಟ್ಕಂಡ್ಬುಟ್ಟದೆ ಕಣ್ರೋ, ಉಗುರು ಅಂಗೈಗೆ ಚುಚ್ತಾ ಅದೆ, ಬಿಡಿಸ್ರೋ." ಯಾವ ಬೆರಳು? ಯಾವ ಅಂಗೈ? ಅಲ್ಲಿ ಬಟ್ಟೆ ಸುತ್ತಿದ ಮೋಟುಗೈ ಬಿಟ್ಟರೆ ಏನೂ ಇರಲಿಲ್ಲ. ಅಮ್ಮ ತಾಯತ ಕಟ್ಟಿಸಿದಳು. ಕೆಲವರು ಆಘಾತಕ್ಕೆ ತಲೆ ಕೆಟ್ಟಿದೆ ಎಂದರು, ಕೆಲವರು ಕೆಲಸ ತಪ್ಪಿಸಿಕೊಳ್ಳುವ ನೆಪ ಎಂದರು. ರಾತ್ರಿಯ ಹೊತ್ತು ನೋವು ಹೆಚ್ಚು. ನಮ್ಮದು ಒಂದೇ ಹಜಾರದ ಮನೆ. ಆ ನರಳಾಟ ಎಲ್ಲರ ಕಿವಿಗೂ ಬೀಳುತ್ತಿತ್ತು.

2004ರ ಮಾರ್ಚ್, ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆ. ಮಾರನೆಯ ದಿನ ಗಣಿತ. ರಾತ್ರಿ ಹನ್ನೊಂದರ ಹೊತ್ತಿಗೆ ಅಪ್ಪ ನರಳುತ್ತಿದ್ದರು. ನಾನು ಪುಸ್ತಕ ಬಿಸಾಕಿ ಎದ್ದು ನಿಂತು ಕೂಗಿದೆ: "ಇಲ್ದಿರೋ ಕೈ ನೋಯ್ತದೆ ಅಂತೀಯಲ್ಲ, ಸಾಕು ಮಾಡು ನಿನ್ ನಾಟ್ಕವ. ನಾನು ಓದ್ಕಬೇಕು."

ಅಪ್ಪ ಏನೂ ಅನ್ನಲಿಲ್ಲ. ಕಂಬಳಿ ತೆಗೆದುಕೊಂಡು ಹಿಂದಿನ ಕೊಟ್ಟಿಗೆಗೆ ಹೋಗಿ ಮಲಗಿದರು. ಗಣಿತದಲ್ಲಿ ನನಗೆ 94 ಬಂತು. ಆ ಅಂಕಪಟ್ಟಿ ನೋಡಿದಾಗಲೆಲ್ಲ ನನಗೆ ಆ ಕಂಬಳಿ ನೆನಪಾಗುತ್ತದೆ. ಅವತ್ತಿನಿಂದ ಅಪ್ಪ ನನ್ನೆದುರು ಒಂದು ದಿನವೂ ಕೈ ನೋವೆಂದು ಹೇಳಲಿಲ್ಲ. ನೋವು ಹೋಯಿತೆಂದು ನಾನು ತಿಳಿದುಕೊಂಡೆ. ಪಿಯುಸಿ, ಬಿಇ, ಬೆಂಗಳೂರಿನ ಕೆಲಸ ಎಂದು ಹನ್ನೊಂದು ವರ್ಷ ಹಾಗೇ ತಿಳಿದುಕೊಂಡಿದ್ದೆ.

2015ರಲ್ಲಿ ನಮ್ಮ ತಂಡಕ್ಕೆ ಒಂದು ಹೊಸ ಕೆಲಸ ಬಂತು. ತಲೆಗೆ ಹಾಕಿಕೊಳ್ಳುವ ದೊಡ್ಡ ಕನ್ನಡಕದಂಥ ಉಪಕರಣದಲ್ಲಿ ಸುತ್ತಲೂ ಚಿತ್ರ ಕಾಣುವಂತೆ ಮಾಡುವುದು. ವರ್ಚುವಲ್ ರಿಯಾಲಿಟಿ ಎನ್ನುತ್ತಾರೆ, ಇಲ್ಲದ್ದನ್ನು ಇದೆಯೆಂದು ತೋರಿಸುವ ವಿದ್ಯೆ. ತಲೆ ತಿರುಗಿಸಿದರೆ ಚಿತ್ರವೂ ಆ ಕ್ಷಣದಲ್ಲೇ ತಿರುಗಬೇಕು. ಕಣ್ಣೆವೆ ಮಿಟುಕಿಸುವಷ್ಟು ತಡವಾದರೂ ಹೊಟ್ಟೆ ತೊಳೆಸುತ್ತದೆ. ಆ ತಡವನ್ನು ತಗ್ಗಿಸುವುದು ನನ್ನ ಕೆಲಸ. ಇದನ್ನು ಹಿಂದೆ ಯಾರು ಯಾರು ಹೇಗೆ ಮಾಡಿದ್ದಾರೆಂದು ಓದುವಾಗ ಅಮೆರಿಕದ ಸಿಯಾಟಲ್ ನಗರದ ಒಂದು ಪ್ರಯೋಗ ಸಿಕ್ಕಿತು.

ಅಲ್ಲಿ ಹಾರ್ಬರ್‌ವ್ಯೂ ಎಂಬ ಆಸ್ಪತ್ರೆಯಲ್ಲಿ ಸುಟ್ಟ ಗಾಯದವರಿಗೆಂದೇ ಒಂದು ವಿಭಾಗವಿದೆ. ಸುಟ್ಟಿದ್ದಕ್ಕಿಂತ ದಿನಾ ಗಾಯ ತೊಳೆದು ಪಟ್ಟಿ ಬದಲಿಸುವುದು ಇನ್ನೂ ಘೋರ ಎಂದು ಅನುಭವಿಸಿದವರು ಹೇಳುತ್ತಾರೆ. ಮಾರ್ಫಿನ್‌ನಂಥ ಔಷಧಿ ಕೊಟ್ಟರೂ ಆ ಹೊತ್ತಿನ ನೋವು ಪೂರ್ತಿ ಅಡಗುವುದಿಲ್ಲ. ಅಲ್ಲಿನ ಮನಶ್ಶಾಸ್ತ್ರಜ್ಞ ಡೇವಿಡ್ ಪ್ಯಾಟರ್ಸನ್ ಮತ್ತು ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಂಟರ್ ಹಾಫ್‌ಮನ್ ಸೇರಿ 1990ರ ದಶಕದಲ್ಲಿ ಒಂದು ಪ್ರಯತ್ನ ಶುರು ಮಾಡಿದರು. ಗಾಯ ತೊಳೆಯುವ ಹೊತ್ತಿಗೆ ರೋಗಿಯ ಕಣ್ಣಿಗೆ ಬೇರೆ ಲೋಕವನ್ನು ಕಟ್ಟಿಕೊಟ್ಟರೆ ಹೇಗೆ? 2000ದಲ್ಲಿ ಪ್ರಕಟವಾದ ಅವರ ಮೊದಲ ವರದಿ ಸುಟ್ಟ ಗಾಯವಾಗಿದ್ದ ಇಬ್ಬರು ಹದಿಹರೆಯದ ಹುಡುಗರದು. ಪರದೆಯ ಮೇಲೆ ವಿಡಿಯೋ ಗೇಮ್ ಆಡಿದಾಗಿಗಿಂತ ಈ ಕನ್ನಡಕದೊಳಗಿನ ಲೋಕದಲ್ಲಿದ್ದಾಗ ಇಬ್ಬರಿಗೂ ನೋವು ಬಹಳ ಕಡಿಮೆ ಎನಿಸಿತ್ತು.

ಆಮೇಲೆ ಅವರು ಸುಟ್ಟವರಿಗೆಂದೇ ಒಂದು ಲೋಕ ಕಟ್ಟಿದರು. ಹೆಸರು ಸ್ನೋ ವರ್ಲ್ಡ್, ಹಿಮಲೋಕ. ರೋಗಿ ಹಿಮದ ಕಣಿವೆಯಲ್ಲಿ ಮೆಲ್ಲಗೆ ತೇಲುತ್ತಾ ಹೋಗುತ್ತಾನೆ. ಮೇಲಿಂದ ಹಿಮ ಉದುರುತ್ತಿರುತ್ತದೆ. ಅಕ್ಕಪಕ್ಕ ಹಿಮದ ಬೊಂಬೆಗಳು, ಪೆಂಗ್ವಿನ್‌ಗಳು. ಅವುಗಳ ಕಡೆಗೆ ಹಿಮದ ಉಂಡೆ ಎಸೆಯುವುದೇ ಕೆಲಸ. ಬೆಂಕಿಯನ್ನು ನೆನಪಿಗೆ ತರುವ ಯಾವುದೂ ಅಲ್ಲಿಲ್ಲ. ಹೊರಗೆ ದಾದಿಯರು ಗಾಯ ಉಜ್ಜುತ್ತಿರುತ್ತಾರೆ. ಅದು ರೋಗಿಯ ಕಣ್ಣಿಗೆ ಬೀಳುವುದಿಲ್ಲ.

ಇದು ಬರೀ ಬಾಯಿಮಾತಿನ ಸಮಾಧಾನವೋ, ನಿಜವಾಗಿ ನೋವು ಇಳಿಯುತ್ತದೆಯೋ ಎಂಬ ಅನುಮಾನ ಬರುವುದು ಸಹಜ. 2004ರಲ್ಲಿ ಹಾಫ್‌ಮನ್ ಮತ್ತು ಸಂಗಡಿಗರು ಆರೋಗ್ಯವಂತ ಸ್ವಯಂಸೇವಕರ ಪಾದಕ್ಕೆ ಸಹಿಸಬಹುದಾದಷ್ಟು ಬಿಸಿ ಕೊಟ್ಟು ಅವರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಹಿಮಲೋಕದಲ್ಲಿದ್ದಾಗ ನೋವಿಗೆ ಸಂಬಂಧಿಸಿದ ಐದು ಭಾಗಗಳಲ್ಲೂ ಚಟುವಟಿಕೆ ಗಣನೀಯವಾಗಿ ಇಳಿದಿತ್ತು. ಅಂದರೆ ಅವರು ಸಹಿಸಿಕೊಂಡು ಸುಮ್ಮನಿದ್ದದ್ದಲ್ಲ, ಮಿದುಳಿನಲ್ಲೇ ನೋವು ಕಡಿಮೆಯಾಗಿತ್ತು.

ಇದು ಹೇಗೆ ಸಾಧ್ಯ? ಇದನ್ನು ಹೇಳಲು ನಮ್ಮೂರಿಗಿಂತ ಒಳ್ಳೆಯ ಜಾಗ ಇಲ್ಲ. ನಾವು ನಾಲೆ ನೀರಿನವರು. ನಾಲೆ ತುಂಬಿ ಹರಿದರೂ ಗದ್ದೆಗೆ ಬರುವುದು ತೂಬು ಎಷ್ಟು ಎತ್ತಿದೆಯೋ ಅಷ್ಟೇ ನೀರು. ತೂಬು ಎತ್ತುವವನು, ಇಳಿಸುವವನು ನೀರುಗಂಟಿ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ಇಬ್ಬರು ವಿಜ್ಞಾನಿಗಳು ನಮ್ಮ ಬೆನ್ನುಹುರಿಯಲ್ಲೂ ಇಂಥದೇ ಒಂದು ತೂಬು ಇದೆ ಎಂಬ ಸಿದ್ಧಾಂತ ಮಂಡಿಸಿದರು. ಗಾಯದಿಂದ ಹೊರಟ ಸಂದೇಶವೆಲ್ಲ ಮಿದುಳನ್ನು ಮುಟ್ಟುವುದಿಲ್ಲ, ನಡುವೆ ತೂಬು ಇದೆ. ಮೊಣಕಾಲು ತಗುಲಿದಾಗ ಉಜ್ಜಿಕೊಂಡರೆ ಹಾಯೆನಿಸುವುದು ಆ ಉಜ್ಜುವಿಕೆ ತೂಬನ್ನು ಸ್ವಲ್ಪ ಇಳಿಸುವುದರಿಂದ. ಮೇಲಿನಿಂದ ಮಿದುಳೂ ನೀರುಗಂಟಿಯಂತೆ ಅದನ್ನು ಎತ್ತಬಲ್ಲದು, ಇಳಿಸಬಲ್ಲದು. ವಿವರಗಳಲ್ಲಿ ಆಮೇಲೆ ತಿದ್ದುಪಡಿಗಳಾಗಿವೆ, ಮೂಲ ವಿಚಾರ ಉಳಿದಿದೆ. ಇದಕ್ಕೆ ಇನ್ನೊಂದು ಮಾತು ಸೇರಿಸಿ. ನಮ್ಮ ಗಮನ ಅಳತೆ ಮೀರಿದ್ದಲ್ಲ. ಕಣ್ಣು, ಕಿವಿ, ಕೈ ಮೂರೂ ಹಿಮದ ಉಂಡೆಯ ಕಡೆಗಿದ್ದರೆ ನೋವಿನ ಕಡೆ ನೋಡಲು ಉಳಿಯುವ ಗಮನ ಸ್ವಲ್ಪವೇ.

ಇದಕ್ಕೆ ಯಂತ್ರವೇ ಬೇಕೆಂದೂ ಇಲ್ಲ. ರೋಜರ್ ಉಲ್ರಿಕ್ ಎಂಬುವರು 1984ರಲ್ಲಿ ಪ್ರಕಟಿಸಿದ ಅಧ್ಯಯನ ಬರೀ ಕಿಟಕಿಯ ಬಗ್ಗೆ. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ 1972ರಿಂದ 1981ರವರೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆ ಆದವರ ದಾಖಲೆಗಳನ್ನು ತೆಗೆದು 46 ಜನರನ್ನು ಜೋಡಿ ಜೋಡಿಯಾಗಿ ಹೋಲಿಸಿದರು. 23 ಜನರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಉಳಿದ 23 ಜನರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ತೀವ್ರ ನೋವುನಿವಾರಕಗಳನ್ನು ಕಡಿಮೆ ತೆಗೆದುಕೊಂಡಿದ್ದರು, ಸ್ವಲ್ಪ ಬೇಗ ಮನೆಗೂ ಹೋಗಿದ್ದರು.

ಇದನ್ನೆಲ್ಲ ನಾನು ಎಂಜಿನಿಯರನ ಕುತೂಹಲದಿಂದ ಓದುತ್ತಿದ್ದೆ. ಒಂದು ಲೇಖನದಿಂದ ಇನ್ನೊಂದಕ್ಕೆ ಹೋಗುತ್ತಾ ಒಂದು ರಾತ್ರಿ ಕಣ್ಣಿಗೆ ಬಿದ್ದದ್ದು ಫ್ಯಾಂಟಮ್ ಲಿಂಬ್ ಎಂಬ ಮಾತು. ಮಾಯಾ ಅಂಗ ಎನ್ನಬಹುದು. ಅಮೆರಿಕದ ಅಂತರ್ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರನ್ನು ನೋಡಿದ ಸೈಲಾಸ್ ವಿಯರ್ ಮಿಚೆಲ್ ಎಂಬ ವೈದ್ಯರು 1871ರಲ್ಲೇ ಈ ಹೆಸರಿಟ್ಟು ಬರೆದಿದ್ದರು. ಕತ್ತರಿಸಿಹೋದ ಕೈ ಇದ್ದಂತೆಯೇ ಅನಿಸುವುದು, ಅದು ನೋಯುವುದು, ಬೆರಳು ಮುಷ್ಟಿ ಕಟ್ಟಿಕೊಂಡು ಉಗುರು ಅಂಗೈಗೆ ಚುಚ್ಚಿದಂತಾಗುವುದು. ಅಂಗ ಕಳೆದುಕೊಂಡ ಬಹುಪಾಲು ಜನಕ್ಕೆ ಇಂಥ ನೋವು ಒಂದಲ್ಲ ಒಂದು ಬಗೆಯಲ್ಲಿ ಬರುತ್ತದೆ.

ಅಪ್ಪನ ಮಾತನ್ನೇ ಯಾರೋ ಇಂಗ್ಲಿಷಿನಲ್ಲಿ ಅಚ್ಚು ಹಾಕಿದಂತಿತ್ತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಿ, "ಅಪ್ಪಂಗೆ ಕೈ ನೋವು ಈಗ್ಲೂ ಬರ್ತದಾ?" ಎಂದು ಕೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರ್ದೆ ಎಲ್ಲೋಯ್ತದೆ? ಅವ್ರು ಕೊಟ್ಗೇಲಿ ಯಾಕ್ ಮಲಗ್ತಾರೆ ಅನ್ಕಂಡಿದ್ದೀಯ? ಸೆಕೆ ಅಂತಲಾ?" ಎಂದಳು.

ಹನ್ನೊಂದು ವರ್ಷ. ರಜೆಗೆ ಬಂದಾಗಲೆಲ್ಲ ಅಪ್ಪ ಕೊಟ್ಟಿಗೆಯಲ್ಲಿ ಮಲಗುವುದನ್ನು ನಾನು ನೋಡಿದ್ದೆ. ಒಂದು ಸಲವೂ ಯಾಕೆಂದು ಕೇಳಿರಲಿಲ್ಲ.

ಈ ಮಾಯಾ ಅಂಗದ ನೋವಿಗೆ 1990ರ ದಶಕದಲ್ಲಿ ಒಂದು ಸರಳ ಉಪಾಯ ಕಂಡುಹಿಡಿದವರು ವಿ. ಎಸ್. ರಾಮಚಂದ್ರನ್. ತಮಿಳುನಾಡಿನಲ್ಲಿ ಹುಟ್ಟಿ, ಚೆನ್ನೈನಲ್ಲಿ ವೈದ್ಯಕೀಯ ಓದಿ, ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಮಿದುಳಿನ ಅಧ್ಯಯನ ಮಾಡಿದವರು. ಅವರ ಆಲೋಚನೆ ನನಗೆ ನಮ್ಮ ಕಂಪ್ಯೂಟರ್ ಭಾಷೆಯಲ್ಲಿ ಸುಲಭವಾಗಿ ಅರ್ಥವಾಯಿತು. ಒಂದು ಕಂಪ್ಯೂಟರ್ ಇನ್ನೊಂದಕ್ಕೆ ಸಂದೇಶ ಕಳಿಸುತ್ತದೆ. ಉತ್ತರ ಬರದಿದ್ದರೆ ಮತ್ತೆ ಕಳಿಸುತ್ತದೆ, ಮತ್ತೆ ಮತ್ತೆ ಕಳಿಸುತ್ತದೆ. ಮಿದುಳು ಇಲ್ಲದ ಕೈಗೆ "ಮುಷ್ಟಿ ಬಿಡಿಸು" ಎಂದು ಆಜ್ಞೆ ಕಳಿಸುತ್ತಲೇ ಇದೆ. ಬಿಡಿಸಿದೆ ಎಂಬ ಉತ್ತರ ಬರುವುದೇ ಇಲ್ಲ. ಆ ಉತ್ತರವನ್ನು ಕಣ್ಣಿನ ದಾರಿಯಲ್ಲಿ ತಲುಪಿಸಿದರೆ? ಇದೇ ಪೂರ್ಣ ಕಾರಣವೇ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ನಡೆದಿದೆ. ಆದರೆ ಉಪಾಯ ಕೆಲವರಿಗೆ ಫಲ ಕೊಟ್ಟಿತು.

ಉಪಾಯವೆಂದರೆ ಕನ್ನಡಿ. ಇಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರನ್ನು ನೆನೆಯಬೇಕು. ಹತ್ತನೇ ತರಗತಿಯಲ್ಲಿ ಬೆಳಕಿನ ಪಾಠ ಮಾಡುವಾಗ ಅವರು ತಮ್ಮ ಮನೆಯ ಕನ್ನಡಿಯನ್ನೇ ತಂದು ಮೇಜಿನ ಮೇಲೆ ನಿಲ್ಲಿಸಿ, "ಬಲಗೈ ಎತ್ತು. ಒಳಗಿರೋನು ಯಾವ ಕೈ ಎತ್ತಿದ?" ಎಂದು ಕೇಳಿದ್ದರು. "ಎಡಗೈ ಸಾರ್" ಎಂದು ನಾವೆಲ್ಲ ಕೂಗಿದ್ದೆವು. ಪಾರ್ಶ್ವ ವಿಪರ್ಯಯ ಎಂದು ಬೋರ್ಡಿನ ಮೇಲೆ ಬರೆದರು. ಎರಡು ಅಂಕದ ಪ್ರಶ್ನೆ. ಆ ಎರಡು ಅಂಕದ ಪಾಠ ನಮ್ಮಪ್ಪನಿಗೆ ಮದ್ದಾಗುತ್ತದೆಂದು ನನಗಾಗಲಿ ಮೇಷ್ಟ್ರಿಗಾಗಲಿ ಗೊತ್ತಿರಲಿಲ್ಲ.

ಆ ಶನಿವಾರ ಮಂಡ್ಯದಲ್ಲಿ ಇಳಿದು ಒಂದೂವರೆ ಅಡಿಯ ಕನ್ನಡಿ ಕೊಯ್ಸಿಕೊಂಡೆ. ಅಂಗಡಿಯಿಂದ ಒಂದು ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆ ತಂದೆ. ಪೆಟ್ಟಿಗೆಯ ಮೇಲ್ಭಾಗ ತೆಗೆದು, ನಡುವೆ ಕನ್ನಡಿ ನಿಲ್ಲಿಸಿ, ಅಂಚಿಗೆ ಟೇಪು ಸುತ್ತಿ, ಮುಂಭಾಗದಲ್ಲಿ ಎರಡು ತೂತು ಮಾಡಿದೆ. ಕನ್ನಡಿಯ ಮುಖ ಬಲಕ್ಕೆ. ಅಪ್ಪ ಬಲಗೈಯನ್ನು ಒಂದು ತೂತಿನಲ್ಲಿ, ಮೋಟುಗೈಯನ್ನು ಇನ್ನೊಂದರಲ್ಲಿ ಇಟ್ಟರು. ಬಲಗಡೆಗೆ ಸ್ವಲ್ಪ ವಾಲಿ ಕನ್ನಡಿಯೊಳಗೆ ನೋಡಿದರೆ ಎಡಗೈ ಇದ್ದ ಜಾಗದಲ್ಲೇ ಒಂದು ಎಡಗೈ ಕಾಣುತ್ತದೆ.

ಅಪ್ಪ ಬಹಳ ಹೊತ್ತು ನೋಡುತ್ತಾ ಕೂತರು. "ಎರಡೂ ಕೈಲಿ ಮುಷ್ಟಿ ಕಟ್ಟಿ, ಎರಡನ್ನೂ ಒಟ್ಟಿಗೆ ಬಿಡ್ಸು" ಎಂದೆ. ಬಲಗೈ ಬಿಡಿಸಿದರು. ಕನ್ನಡಿಯಲ್ಲಿ ಎಡಗೈಯೂ ಬಿಚ್ಚಿಕೊಂಡಿತು. ಮತ್ತೆ ಕಟ್ಟಿದರು, ಮತ್ತೆ ಬಿಡಿಸಿದರು. ನಾಲ್ಕೈದು ಸಲ ಆದ ಮೇಲೆ ಮೆಲ್ಲಗೆ, "ಬಿಡ್ತು ಕಣ್ಲಾ" ಎಂದರು. ಅಮ್ಮ ಒಲೆ ಮುಂದಿನಿಂದ ಎದ್ದು ಬಂದು ನಿಂತಳು.

ಪವಾಡವಾಯಿತೆಂದು ನಾನು ಹೇಳುವುದಿಲ್ಲ. ಕನ್ನಡಿ ತೆಗೆದ ಸ್ವಲ್ಪ ಹೊತ್ತಿಗೆ ಮುಷ್ಟಿ ಮತ್ತೆ ಕಟ್ಟಿಕೊಂಡಿತು. ಮೈಸೂರಿನಲ್ಲಿ ನರರೋಗದ ವೈದ್ಯರಿಗೆ ತೋರಿಸಿದೆವು. ಅವರು ಔಷಧಿಯನ್ನೂ ಕೊಟ್ಟರು, ಕನ್ನಡಿಯನ್ನೂ ದಿನಾ ಹದಿನೈದು ನಿಮಿಷ ಮುಂದುವರಿಸಿ ಎಂದರು. ಒಂದೂವರೆ ತಿಂಗಳಿಗೆ ಮುಷ್ಟಿ ಕಟ್ಟುವುದು ವಾರಕ್ಕೆ ಒಂದೆರಡು ಸಲಕ್ಕೆ ಇಳಿಯಿತು. ಉರಿಯೊಂದು ಉಳಿದಿದೆ, ಚಳಿಗಾಲದಲ್ಲಿ ಈಗಲೂ ಕಾಡುತ್ತದೆ. ಆದರೆ ಆ ವರ್ಷದ ದೀಪಾವಳಿಗೆ ಬಂದಾಗ ಅಪ್ಪನ ಹಾಸಿಗೆ ಹಜಾರದಲ್ಲಿತ್ತು.

ನಮ್ಮ ಮನೆಯ ಒಂದು ಅನುಭವದಿಂದ ವಿಜ್ಞಾನ ಆಗುವುದಿಲ್ಲ. ಅದಕ್ಕೇ ಇದನ್ನೂ ಹೇಳುತ್ತೇನೆ. 2007ರಲ್ಲಿ ಅಮೆರಿಕದ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯ ಒಂದು ಅಧ್ಯಯನ ಪ್ರಕಟವಾಯಿತು. ಕಾಲು ಕಳೆದುಕೊಂಡವರನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ಕನ್ನಡಿ, ಇನ್ನೊಂದಕ್ಕೆ ಬಟ್ಟೆ ಮುಚ್ಚಿದ ಕನ್ನಡಿ, ಮೂರನೆಯವರು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಕಾಲು ಆಡಿಸಬೇಕು. ನಾಲ್ಕು ವಾರಕ್ಕೆ ಕನ್ನಡಿ ನೋಡಿದ ಆರು ಜನರಿಗೂ ನೋವು ಇಳಿದಿತ್ತು. ಮುಚ್ಚಿದ ಕನ್ನಡಿಯವರಲ್ಲಿ ಒಬ್ಬರಿಗೆ ಮಾತ್ರ. ಅಂದರೆ ಕೆಲಸ ಮಾಡಿದ್ದು ನೋಟ. ಗುಂಪು ಚಿಕ್ಕದು, ಆಮೇಲಿನ ಎಲ್ಲ ಅಧ್ಯಯನಗಳಲ್ಲೂ ಫಲ ಇಷ್ಟು ಚೆನ್ನಾಗಿ ಬಂದಿಲ್ಲ, ಎಲ್ಲರಿಗೂ ಹೊಂದುವುದೂ ಇಲ್ಲ. ವರ್ಚುವಲ್ ರಿಯಾಲಿಟಿಯ ವಿಷಯದಲ್ಲೂ ಅಷ್ಟೇ. 2021ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ದೀರ್ಘಕಾಲದ ಸೊಂಟನೋವಿಗೆ ಇಂಥ ಒಂದು ಉಪಕರಣಕ್ಕೆ ಅನುಮತಿ ಕೊಟ್ಟಿದೆ, ಅದೂ ಬೇರೆ ಚಿಕಿತ್ಸೆಯ ಜೊತೆಗೆ. ಔಷಧಿಯ ಬದಲಿಗೆ ಅಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ನೋವು ಎಂದರೆ ಮೈ ಕೂಗಿ ಹೇಳುತ್ತಿರುವ ಸುದ್ದಿ. ಎದೆನೋವು, ಹೊಟ್ಟೆನೋವು ಬಂದವರ ಮುಂದೆ ಮೊಬೈಲ್ ಹಿಡಿದು ಕೂರಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಹಾಗಾದರೆ ನಾವು ಮಾಡಬಹುದಾದದ್ದೇನು? ಮೂರು ಸಣ್ಣ ಮಾತು.

ಶಾಲೆಯಲ್ಲಿ ಮಕ್ಕಳಿಗೆ ಚುಚ್ಚುಮದ್ದು ಹಾಕುವಾಗ ಸಾಲಿನಲ್ಲಿ ನಿಂತವರಿಗೆ ಮುಂದಿನ ಮಗು ಅಳುವುದು ಕಾಣದಂತೆ ಮಾಡಿ. ಸೂಜಿಯ ಕಡೆ ನೋಡುವ ಬದಲು ಗೋಡೆಯ ಚಿತ್ರದಲ್ಲಿ ಎಷ್ಟು ಹಕ್ಕಿ ಇವೆ ಎಂದು ಎಣಿಸಲು ಹೇಳಿ. ಸುಮ್ಮನೆ ನೋಡುವುದಕ್ಕಿಂತ ನೋಡುತ್ತಾ ಏನಾದರೂ ಮಾಡುವುದು ಮೇಲು. ಮನೆಯಲ್ಲಿ ಯಾರಾದರೂ ಆಪರೇಷನ್ ಆಗಿ ಮಲಗಿದ್ದರೆ ಹಾಸಿಗೆಯನ್ನು ಕತ್ತಲೆ ಮೂಲೆಗೆ ತಳ್ಳಬೇಡಿ, ಕಿಟಕಿಯ ಕಡೆ ಎಳೆಯಿರಿ. ನಮ್ಮೂರಲ್ಲಿ ತೆಂಗಿನ ಮರ ಕಾಣದ ಕಿಟಕಿ ಯಾವುದಿದೆ?

ಎರಡನೆಯದು, ನಮ್ಮ 2004ರ ಬ್ಯಾಚಿನವರು ಇವತ್ತು ಶಾಲೆಯ ಪ್ರಯೋಗಾಲಯಕ್ಕೆ ಎರಡು ಕನ್ನಡಿ ಪೆಟ್ಟಿಗೆಗಳನ್ನು ಕೊಡುತ್ತಿದ್ದೇವೆ. ಮರದವು, ಅಂಚು ಕೊಯ್ಯದಂತೆ ಮಾಡಿಸಿದ್ದೇವೆ. ಒಂದು ಮಕ್ಕಳ ಪಾಠಕ್ಕೆ. ಇನ್ನೊಂದು ಸುತ್ತಲಿನ ಹಳ್ಳಿಯಲ್ಲಿ ಕೈಕಾಲು ಕಳೆದುಕೊಂಡವರು ವೈದ್ಯರನ್ನು ಕೇಳಿಕೊಂಡು ಮನೆಗೆ ಒಯ್ಯಲು. ಆಲೆಮನೆ ನಡೆಸುವವರಲ್ಲಿ ಒಂದು ವಿನಂತಿ: ಗಾಣದ ಬಾಯಿಗೆ ಕಬ್ಬಿಣದ ತಡೆ ಹಾಕಿಸಿ. ಆ ಎರಡನೆಯ ಪೆಟ್ಟಿಗೆ ಧೂಳು ಹಿಡಿದು ಬಿದ್ದಿದ್ದರೆ ನಮಗೆ ಸಂತೋಷ.

ಮೂರನೆಯದು ಮಕ್ಕಳಿಗೆ. ಯಾರಾದರೂ ನೋವೆಂದರೆ ಮೊದಲು ನಂಬಿ. ಕಾರಣ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ನಾಟಕ ಎನ್ನಬೇಡಿ. ನೋವಿರುವವರು ನಂಬಿಕೆ ಸಿಗದಿದ್ದರೆ ಹೇಳುವುದನ್ನು ನಿಲ್ಲಿಸುತ್ತಾರೆ, ನಾವು ಅದನ್ನೇ ವಾಸಿಯಾಯಿತೆಂದು ತಿಳಿದುಕೊಳ್ಳುತ್ತೇವೆ. ನನ್ನ ಬಿಇ ಓದು ನನಗೆ ಇದನ್ನು ಕಲಿಸಲಿಲ್ಲ. ಒಂದು ಫೋನ್ ಕರೆ ಕಲಿಸಿತು.

ಅಪ್ಪ ಹಿಂದಿನ ಸಾಲಿನಲ್ಲಿ ಹುಣಸೆಮರದ ಪಕ್ಕ ಕೂತಿದ್ದಾರೆ. ಕನ್ನಡಿ ತಂದುಕೊಟ್ಟೆ, ಡಾಕ್ಟರಿಗೆ ತೋರಿಸಿದೆ, ಆದರೆ ಆ ರಾತ್ರಿ ಆಡಿದ ಮಾತಿಗೆ ಇವತ್ತಿನವರೆಗೂ ಒಂದು ಮಾತು ಹೇಳಿರಲಿಲ್ಲ. ಮನೆಯಲ್ಲಿ ಹೇಳಲು ನಾಲಿಗೆ ಬರಲಿಲ್ಲ. ಈ ಶಾಲೆಯ ಪರೀಕ್ಷೆಗೆ ಓದುವ ನೆಪದಲ್ಲಿ ಆಡಿದ ಮಾತು, ಹಾಗಾಗಿ ಈ ಶಾಲೆಯ ಅಂಗಳದಲ್ಲೇ ಹೇಳುತ್ತಿದ್ದೇನೆ. ಅಪ್ಪ, ನೀನು ಹೇಳಿದ್ದು ನಿಜವಾಗಿತ್ತು. ತಪ್ಪು ನಂದು.